ಎರಡು ಸಲ ಬಂದ ಮಂಗಳವಾರ

ಪಕ್ಕದ ಮನೆಯ ಲೂಪೆ ಕೊಟ್ಟ ಕಾರ್ ಸೀಟು.
ಅವಳ ಮೂವರು ಮಕ್ಕಳು ಕೂತೆದ್ದ ಗುರುತು
ಹೊಲಿಗೆಯ ಸಂದಿಯಲ್ಲಿ ಇನ್ನೂ ಇದೆ:
ಬಿಸ್ಕತ್ತಿನ ಪುಡಿ, ಒಂದು ಬಿಳಿ ಗುಂಡಿ,
ಎಷ್ಟು ತೊಳೆದರೂ ಬಿಡದ ಹಾಲಿನ ಹುಳಿ ವಾಸನೆ.
ಬೆನ್ನಿಗಂಟಿದ ಕೆಂಪು ಚೀಟಿ ಮಾತ್ರ ಅಳಿಸಿಲ್ಲ:
ವಿಮಾನದಲ್ಲೂ ಬಳಸಬಹುದು.
ಆ ಚೀಟಿಯ ಮೇಲೇ ನನ್ನ ಧೈರ್ಯವೆಲ್ಲ.

ಆಕ್ಲೆಂಡಿನ ನಿಲ್ದಾಣದಲ್ಲಿ
ಎದೆಗೆ ಮಗು, ಬೆನ್ನಿಗೆ ಸೀಟು,
ಮುಂದೆ ಹನ್ನೊಂದು ಗಂಟೆಯ ಕಡಲು.
ಆಮೆಯಂತೆ ನಡೆದೆ.

"ಎರಡು ತುಂಬದ ಕೂಸಿಗೆ ಟಿಕೆಟ್ಟೇಕೆ,
ಮಡಿಲು ಪುಕ್ಕಟೆಯಲ್ಲವೇ?
ನಾವೆಲ್ಲ ಮಡಿಲಲ್ಲೇ ಬೆಳೆದವರು"
ಅಂದಿದ್ದಳು ಅಕ್ಕ ನೊಯೆಲಿಯಾ, ಫೋನಿನಲ್ಲಿ.
ಹೇಮಿ ಏನೂ ಅನ್ನಲಿಲ್ಲ.
ಏಳು ಶನಿವಾರ ಹೆಚ್ಚಿಗೆ ದುಡಿದ,
ಕಪ್ಪೆಚಿಪ್ಪು ಬಿಡಿಸುವ ಕಾರ್ಖಾನೆಯಲ್ಲಿ.
ಉಪ್ಪಿಗೆ ಬಿರಿದ ಬೆರಳಲ್ಲಿ
ಅಡುಗೆಮನೆಯ ಕುರ್ಚಿಗೆ ಸೀಟು ಬಿಗಿದು ತೋರಿಸಿದ:
ಪಟ್ಟಿ ಇಲ್ಲಿಂದ ತೂರಿಸು, ಮೊಣಕಾಲೂರಿ ಒತ್ತು,
ಎದೆಯ ಪಟ್ಟಿಯಡಿ ಒಂದೇ ಬೆರಳು ಹೋಗಬೇಕು.
ಎರಡು ಹೋದರೆ ಸಡಿಲ.

ಕಿಟಕಿಯ ಪಕ್ಕ, ಹಿಮ್ಮುಖವಾಗಿ ಕಟ್ಟಿದೆ.
ಮೂರನೆಯ ಸಲಕ್ಕೆ ಕ್ಲಿಕ್ ಎಂದಿತು.
ಇಡೀ ವಿಮಾನ ಪೂರ್ವಕ್ಕೆ ಮುಖ ಮಾಡಿದೆ,
ಆಯ್ಲೆನ್ ಒಬ್ಬಳೇ ಪಶ್ಚಿಮಕ್ಕೆ.
ಬಿಟ್ಟು ಬಂದದ್ದನ್ನು ನೋಡುವ ಕೆಲಸ ಅವಳದು.

ಮುಂದಿನ ಸೀಟಿನವನು ಗುಂಡಿ ಒತ್ತಿದ.
ಬೆನ್ನು ವಾಲಲಿಲ್ಲ. ಮತ್ತೆ ಒತ್ತಿದ.
ಎದ್ದು ತಿರುಗಿದ: ಬಾಗಿಲಗಲದ ಹೆಗಲು.
ನಾನು ಕ್ಷಮೆಯ ಮಾತು ಜೋಡಿಸುತ್ತಿದ್ದೆ
ಎರಡು ಭಾಷೆಯಲ್ಲಿ, ಎರಡರಲ್ಲೂ ತೊದಲುತ್ತ.
ಮೇಲಿಂದ ಬಗ್ಗಿ ಅವಳ ನೆತ್ತಿ ನೋಡಿದ.
"ಕುರಿಯ ಉಣ್ಣೆ ಕತ್ತರಿಸುವವನು ನಾನು,
ಪಟಗೋನಿಯಾಕ್ಕೆ ಹೊರಟಿದ್ದೇನೆ.
ವರ್ಷವಿಡೀ ಬಗ್ಗಿದ ಬೆನ್ನು ಇದು,
ಒಂದು ರಾತ್ರಿ ನೆಟ್ಟಗೆ ಕೂತರೆ ಔಷಧಿಯೇ."
ಸುಳ್ಳು. ನಡುರಾತ್ರಿ ಅವನು ನರಳಿದ್ದು ಕೇಳಿಸಿತು.

ದೀಪ ಆರಿದ ಮೇಲೆ ಗಾಳಿ ಕುಲುಕತೊಡಗಿತು.
ತಟ್ಟೆಗಳು ಗಲಗಲ, ಯಾರೋ ದೇವರನ್ನು ಕರೆದರು.
ನನ್ನ ಕೈ ತಾನಾಗಿಯೇ ಚಾಚಿತು
ಅವಳನ್ನು ಬಿಚ್ಚಿ ಎದೆಗವಚಿಕೊಳ್ಳಲು.
ತೋಳಿನ ಹಳೆಯ ಬುದ್ಧಿ ಅದು.
ಬಕಲ್ಲಿನ ಮೇಲೆ ಬೆರಳಿಟ್ಟು ತಡೆದೆ.
ಮಡಿಲಿಗಿಂತ ಪ್ಲಾಸ್ಟಿಕ್ಕು ಗಟ್ಟಿ
ಎಂದು ಒಪ್ಪಿಕೊಳ್ಳುವುದು
ಅಷ್ಟು ಸುಲಭವಲ್ಲ.
ಪಟ್ಟಿಯಡಿ ಒಂದು ಬೆರಳು ತೂರಿಸಿದೆ.
ಎರಡನೆಯದು ಹೋಗಲಿಲ್ಲ.
ಆ ಒಂದಕ್ಕೆ ಅವಳ ಎದೆಬಡಿತ ತಾಗಿತು.
ಅವಳಿಗೋ ಇದೆಲ್ಲ ಬರೀ ಕೆಟ್ಟ ರಸ್ತೆ,
ಹೇಮಿಯ ವ್ಯಾನು, ಸೇತುವೆಯಾಚೆಯ ಗುಂಡಿಗಳು.
ನಿದ್ದೆಯಲ್ಲೇ ಚೀಪಿದಳು, ಏನೂ ಇಲ್ಲದ್ದನ್ನು.

ಗಂಟೆಯೇ ಇಲ್ಲದ ಯಾವುದೋ ಹೊತ್ತಿಗೆ ಎದ್ದು ಅತ್ತಳು.
ಸಾಲುಸಾಲು ತಲೆಗಳು ಹೊರಳಿದವು.
ಬಾಯೊಳಗೆ ಬೆರಳಾಡಿಸಿದೆ, ಆಗ ಸಿಕ್ಕಿತು:
ಕೆಳವಸಡಿನಲ್ಲಿ ನುಚ್ಚಿನಷ್ಟು ಚೂಪು.
ಹೇಳಲು ಯಾರಿದ್ದರು?
ಉಣ್ಣೆಯವನಿಗೇ ಪಿಸುಗುಟ್ಟಿದೆ.
ನಿದ್ದೆಗೆಟ್ಟ ಕಣ್ಣಲ್ಲಿ ಹೆಬ್ಬೆರಳೆತ್ತಿ ನಕ್ಕ,
"ಕುರಿಯ ವಯಸ್ಸನ್ನೂ ಹಲ್ಲಲ್ಲೇ ಎಣಿಸೋದು."

ಸಾಂಟಿಯಾಗೊದಲ್ಲಿ ಇಳಿದಾಗ ಮಧ್ಯಾಹ್ನ, ಮಂಗಳವಾರ.
ಹೊರಟದ್ದೂ ಮಂಗಳವಾರ, ಸಂಜೆ.
ಹೊರಡುವ ಮುನ್ನವೇ ತಲುಪಿದ್ದೆವು.

ಅಕ್ಕನ ಟ್ರಕ್ಕಿನಲ್ಲಿ ಬೆಲ್ಟು
ಧೂಳಿನಡಿ ಹೂತಿತ್ತು. ಎಳೆದು ತೆಗೆದೆ,
ಮೊಣಕಾಲೂರಿ ಒತ್ತಿದೆ.
ಅಕ್ಕ ನಗುತ್ತಾಳೆಂದುಕೊಂಡಿದ್ದೆ.
ಮಾತಿಲ್ಲದೆ ಬಗ್ಗಿ, ತಾನೂ
ಒಂದು ಬೆರಳು ತೂರಿಸಿ ನೋಡಿದಳು.

ಹಲ್ಲು ಬಂತು, ಎಂದು ಹೇಮಿಗೆ ಟೈಪಿಸಿ ನಿಂತೆ.
ಯಾವ ಮಂಗಳವಾರ ಎನ್ನಲಿ?
ಅವನಲ್ಲಾಗಲೇ ಬುಧವಾರದ ನಸುಕು,
ಪಾಳಿಗೆ ಬೂಟು ಹಾಕುತ್ತಿರಬೇಕು.
ತಾರೀಖು ಬಿಟ್ಟು ಕಳಿಸಿದೆ.